ಮಂಗಳೂರಿನ ಜರ್ಮನ್ ಉಪಾಧ್ಯಾಯ: ಹರ್ಮನ್ ಮೋಗ್ಲಿಂಗ್

ಶಿಕಾರಿಪುರ-ಸೊರಬ ಸೀಮೆಯ ಅಂಬ್ಲಿಗೊಳದಂತಹ ಹಳ್ಳಿಗಳಲ್ಲಿ, ಮಳೆ ಹಿಡಿದು ಹೊಲದ ಕೆಲಸ ನಿಂತ ರಾತ್ರಿಗಳಲ್ಲಿ, ಜೈಮಿನಿ ಭಾರತವನ್ನೋ ಬಸವಪುರಾಣವನ್ನೋ ಓದಿಸಿ ಕೇಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿತ್ತು. ರಾಗವಾಗಿ ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಜಗಲಿಯ ತುಂಬ ಕೇಳುವವರು. ಹಿಂದೆ ಓದುವವನ ಮುಂದೆ ಇರುತ್ತಿದ್ದುದು ಓಲೆಗರಿಯ ಕಟ್ಟು. ಅದು ಊರಿಗೆ ಒಂದಿದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹುಳು ತಿಂದ ಗರಿಯಲ್ಲಿ ಅಳಿದುಹೋದ ಪದ್ಯ ಆ ಊರಿನ ಮಟ್ಟಿಗೆ ಅಳಿದೇ ಹೋಗುತ್ತಿತ್ತು. ಕಾಲಕ್ರಮದಲ್ಲಿ ಓಲೆಯ ಸ್ಥಾನಕ್ಕೆ ಅಚ್ಚಿನ ಪುಸ್ತಕ ಬಂದಿತು. ಕೇಳುವವರಿಗೆ ಕಥೆ ಅದೇ, ರಾಗ ಅದೇ. ಆದುದರಿಂದ ಈ ಕಾವ್ಯವನ್ನು ಗರಿಯಿಂದ ಕಾಗದಕ್ಕೆ ಇಳಿಸಿದವರು ಯಾರು ಎಂದು ಆ ಜಗಲಿಯಲ್ಲಿ ಯಾರೂ ಕೇಳಿದಂತೆ ತೋರುವುದಿಲ್ಲ.

ಹಾಗೆ ಇಳಿಸಿದವರ ಮೊದಲ ಸಾಲಿನಲ್ಲಿ ನಿಲ್ಲುವ ಒಬ್ಬರು ಪರದೇಶದವರು, ಪರಧರ್ಮದವರು. ತಾವು ಅಚ್ಚುಮಾಡಿದ ಪುರಾಣಗಳ ದೈವವನ್ನು ಅವರು ನಂಬಿದವರಲ್ಲ. ಆ ನಂಬಿಕೆಯನ್ನು ಬಿಡಿಸುವುದೇ ತಮ್ಮ ಜೀವನದ ಕಾರ್ಯವೆಂದು ಸಮುದ್ರ ದಾಟಿ ಬಂದವರು. ಹೀಗಿದ್ದೂ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರು, ದಾಸರ ಪದಗಳನ್ನು ಮೊದಲಬಾರಿಗೆ ಸಂಗ್ರಹವಾಗಿ ಪ್ರಕಟಿಸಿದವರು, ನಮ್ಮ ಕಾವ್ಯಗಳ ಒಂದು ಮಾಲೆಯನ್ನೇ ನಾಡಿಗೆ ಕೊಟ್ಟವರು ಅವರೇ. ಹರ್ಮನ್ ಫ್ರೀಡ್ರಿಕ್ ಮೋಗ್ಲಿಂಗ್ ಎಂಬ ಈ ಪುರುಷನನ್ನು ಪತ್ರಿಕೋದ್ಯಮದ ಮೂಲಪುರುಷನೆಂದು ನಾವು ವರ್ಷಕ್ಕೊಮ್ಮೆ ನೆನೆಯುತ್ತೇವೆ. ಆದರೆ ಅವರ ಬಾಳನ್ನು ಮೊದಲಿನಿಂದ ನೋಡುತ್ತ ಬಂದರೆ ಕಾಣುವುದು ಒಬ್ಬ ಶಾಲಾ ಉಪಾಧ್ಯಾಯನ ಚಿತ್ರ. ಪತ್ರಿಕೆ, ಗ್ರಂಥಮಾಲೆ, ಗಾದೆಯ ಸಂಗ್ರಹ ಇವೆಲ್ಲವೂ ಪಾಠಶಾಲೆಯ ಹೊಸ್ತಿಲಿನಿಂದಲೇ ಹೊರಟು ಬಂದವು.

ಲ್ಯಾಟಿನ್ ಶಾಲೆಯ ಮನೆ

ಜರ್ಮನಿಯ ನೈಋತ್ಯ ಭಾಗದಲ್ಲಿ ವ್ಯೂರ್ಟೆಂಬರ್ಗ್ ಎಂಬ ಸೀಮೆ ಇದೆ. ಅಲ್ಲಿಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ 1811ರ ಮೇ 29ರಂದು ಮೋಗ್ಲಿಂಗರ ಜನನವಾಯಿತು. ತಂದೆ ಅಲ್ಲಿಯ ಲ್ಯಾಟಿನ್ ಶಾಲೆಯ ಉಪಾಧ್ಯಾಯರು. ಆ ನಾಡಿನಲ್ಲಿ ಉಪಾಧ್ಯಾಯ ವೃತ್ತಿಗೆ ಒಂದು ದೀರ್ಘ ಪರಂಪರೆ ಇತ್ತು. ಬ್ರಾಕೆನ್‌ಹೈಮಿಗೆ ಬಹು ದೂರವಲ್ಲದ ಬ್ರೆಟ್ಟೆನ್ ಎಂಬ ಊರಿನಲ್ಲಿ 1497ರಲ್ಲಿ ಹುಟ್ಟಿದ ಫಿಲಿಪ್ ಮೆಲಾಂಕ್‌ಥನ್ ಎಂಬ ವಿದ್ವಾಂಸ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಅಲ್ಲಿಯೇ ಪಾಠ ಹೇಳಿ, ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸವನ್ನೂ ಮಾಡಿದ್ದ. ಮುಂದೆ ಲೂಥರನ ಸಹಚರನಾಗಿ ವಿಟೆನ್‌ಬರ್ಗಿನಲ್ಲಿ ನೆಲೆಸಿ, ಗ್ರೀಕ್ ಲ್ಯಾಟಿನ್ ವ್ಯಾಕರಣಗಳನ್ನು ಮಕ್ಕಳಿಗಾಗಿ ಬರೆದು, ಊರೂರಿನ ಶಾಲೆಗಳಿಗೆ ವ್ಯವಸ್ಥೆ ಹಾಕಿಕೊಟ್ಟ. ಇಡೀ ಜರ್ಮನಿಯ ಉಪಾಧ್ಯಾಯನೆಂಬ ಬಿರುದೇ ಅವನಿಗೆ ನಿಂತಿತು. ಧರ್ಮ ನಿಲ್ಲಬೇಕಾದರೆ ಜನ ಓದಬೇಕು, ಜನ ಓದಬೇಕಾದರೆ ಶಾಲೆ ಬೇಕು, ಶಾಲೆಗೆ ವ್ಯಾಕರಣವೂ ಅಚ್ಚಿನ ಪುಸ್ತಕವೂ ಬೇಕು ಎಂಬ ಆ ಹದಿನಾರನೆಯ ಶತಮಾನದ ತಿಳಿವಳಿಕೆ ವ್ಯೂರ್ಟೆಂಬರ್ಗಿನಲ್ಲಿ ಬೇರೂರಿತ್ತು. ಅಲ್ಲಿಯ ಹಳೆಯ ಸಂನ್ಯಾಸಿ ಮಠಗಳು ವಿದ್ಯಾರ್ಥಿನಿಲಯಗಳಾಗಿ ಮಾರ್ಪಟ್ಟಿದ್ದವು. ಕಠಿನವಾದ ಪರೀಕ್ಷೆಯಲ್ಲಿ ಗೆದ್ದ ಬಾಲಕರಿಗೆ ಅಲ್ಲಿ ಊಟ, ವಸತಿ, ವಿದ್ಯೆ ಧರ್ಮಾರ್ಥವಾಗಿ ದೊರೆಯುತ್ತಿತ್ತು.

ಇಂತಹ ಏರ್ಪಾಡು ನಮಗೆ ಅಪರಿಚಿತವೇನೂ ಅಲ್ಲ. ಶಿಕಾರಿಪುರದ ನೆರೆಯ ಬಳ್ಳಿಗಾವೆಯ ಕೋಡಿಮಠದಲ್ಲಿ ಹನ್ನೆರಡನೆಯ ಶತಮಾನದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತೆಂದೂ 1162ರ ಶಾಸನ ಹೇಳುತ್ತದೆ. ಮಠವೇ ಶಾಲೆಯಾದ ನೆನಪು ಎರಡು ನಾಡುಗಳಿಗೂ ಉಂಟು.

ಮೋಗ್ಲಿಂಗರು ಷೋಂಟಾಲ್ ಎಂಬಲ್ಲಿಯ ಇಂತಹ ಮಠಶಾಲೆಯಲ್ಲಿ ಓದಿ, ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರದ ಅಭ್ಯಾಸ ಮಾಡಿದರು. ಗ್ರೀಕ್, ಹೀಬ್ರೂ, ಲ್ಯಾಟಿನ್ ಭಾಷೆಗಳಲ್ಲಿ ಪಳಗಿದರು. ಆ ವಿಶ್ವವಿದ್ಯಾನಿಲಯದಲ್ಲಿ ಆಗ ಧರ್ಮಗ್ರಂಥಗಳನ್ನೂ ಇತಿಹಾಸದ ಒರೆಗಲ್ಲಿಗೆ ಹಚ್ಚುವ ವಿಮರ್ಶೆಯ ಗಾಳಿ ಬೀಸತೊಡಗಿತ್ತು. ಹಳೆಯ ಗ್ರಂಥವೊಂದನ್ನು ಕೈಗೆತ್ತಿಕೊಂಡರೆ ಪಾಠಾಂತರಗಳನ್ನು ನೋಡಬೇಕು, ಬರೆದವನ ಕಾಲವನ್ನು ವಿಚಾರಿಸಬೇಕು ಎಂಬ ಶಿಸ್ತು ಅಲ್ಲಿ ಓದಿದವರಿಗೆ ಸಹಜವಾಗಿ ಬರುತ್ತಿತ್ತು. ಊರಿನ ಚರ್ಚಿನಲ್ಲಿ ಗುರುವಾಗಿ ನೆಮ್ಮದಿಯ ಬಾಳು ನಡೆಸುವ ದಾರಿ ಅವರ ಮುಂದೆ ತೆರೆದಿತ್ತು. ಅದನ್ನು ಬಿಟ್ಟು ಅವರು 1815ರಲ್ಲಿ ಸ್ಥಾಪಿತವಾಗಿದ್ದ ಬಾಸೆಲ್ ಮಿಷನ್ನನ್ನು ಸೇರಿದರು.

ಇಂಗ್ಲಿಷರಲ್ಲದ ಪಾದ್ರಿಗಳೂ ಕಂಪನಿಯ ಸೀಮೆಯಲ್ಲಿ ನೆಲೆಸಬಹುದೆಂದು 1833ರ ಸನದಿನಿಂದ ಅನುಕೂಲವಾದ ಮೇಲೆ, 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿದ್ದರು. 1836ರ ಕೊನೆಯಲ್ಲಿ ಮೋಗ್ಲಿಂಗರು ಅವರನ್ನು ಕೂಡಿಕೊಂಡರು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಕಲಿಸಬಂದವರು ಕಲಿತದ್ದು

ಅಂದಿನ ಕನ್ನಡನಾಡು ಹಲವು ಆಳ್ವಿಕೆಗಳಲ್ಲಿ ಹಂಚಿಹೋಗಿತ್ತು. ಮಂಗಳೂರು ಮದರಾಸಿಗೆ ಸೇರಿತ್ತು, ಧಾರವಾಡ ಮುಂಬಯಿಗೆ. ಶಿವಮೊಗ್ಗೆಯ ಕಡೆಯ ನಗರ ಪ್ರಾಂತ್ಯ ಮೈಸೂರಿನದೇ ಆದರೂ, 1830-31ರ ನಗರದ ರೈತರ ದಂಗೆಯ ನಂತರ ಇಂಗ್ಲಿಷ್ ಕಮಿಷನರರ ಕೈಗೆ ಹೋಗಿತ್ತು. ಕೊಡಗನ್ನು 1834ರಲ್ಲಿ ಕಂಪನಿ ವಶಪಡಿಸಿಕೊಂಡಿತ್ತು. ಒಂದು ಭಾಗದ ಕನ್ನಡಿಗನಿಗೆ ಇನ್ನೊಂದು ಭಾಗದ ಸುದ್ದಿ ತಿಳಿಯುವ ಸಾಧನವಿರಲಿಲ್ಲ. ಮೋಗ್ಲಿಂಗರು ಮಂಗಳೂರಿನಲ್ಲಿ ಸ್ವಲ್ಪ ಕಾಲವಿದ್ದು, ಘಟ್ಟ ಹತ್ತಿ ಧಾರವಾಡದ ಕಡೆಗೆ ಹೋಗಿ, ಮತ್ತೆ ಮಂಗಳೂರಿಗೆ ಬಂದು ನೆಲೆಸಿದರು. ಹೀಗೆ ಎರಡು ಕಡೆಯ ಕನ್ನಡವನ್ನೂ ಅವರು ಕಿವಿಯಾರೆ ಕೇಳಿದರು.

ಮಂಗಳೂರಿನಲ್ಲಿ 1838ರ ಸುಮಾರಿಗೆ ಮಿಷನ್ನಿನ ಶಾಲೆ ಪ್ರಾರಂಭವಾಯಿತು. ಕಚೇರಿಯ ಕೆಲಸಕ್ಕೆ ಇಂಗ್ಲಿಷ್ ಬೇಕಾಗುವ ದಿನಗಳು ಬರುತ್ತಿವೆಯೆಂದು ಅರಿತ ಸಾರಸ್ವತ ಮುಂತಾದ ಮನೆತನಗಳವರು ತಮ್ಮ ಮಕ್ಕಳನ್ನು ಕಳುಹಿಸತೊಡಗಿದರು. ಇದಲ್ಲದೆ ಮೋಗ್ಲಿಂಗರು 1840ರ ಸುಮಾರಿಗೆ ಬಾಲಕರಿಗಾಗಿ ಒಂದು ವಿದ್ಯಾರ್ಥಿನಿಲಯವನ್ನೂ ಏರ್ಪಡಿಸಿದರು. ಕ್ರೈಸ್ತ ಉಪದೇಶಕರನ್ನೂ ಉಪಾಧ್ಯಾಯರನ್ನೂ ತಯಾರುಮಾಡುವುದು ಅದರ ಉದ್ದೇಶ. ಮುಂದೆ ಬಲ್ಮಠದ ಗುಡ್ಡದ ಮೇಲೆ ಬೆಳೆದ ವಿದ್ಯಾಸಂಸ್ಥೆಗೆ ಇದೇ ಮೂಲ.

ಈ ನಿಲಯದಲ್ಲಿ ಮೋಗ್ಲಿಂಗರು ನಡೆದುಕೊಂಡ ರೀತಿ ಅಂದಿನ ಬಿಳಿಯರಿಗೆ ವಿಚಿತ್ರವಾಗಿ ಕಂಡಿತು. ದೊರೆಗಳ ಬಂಗಲೆಯಲ್ಲಿ ಬೇರೆ ಇದ್ದು ಹೊತ್ತಿಗೆ ಸರಿಯಾಗಿ ಪಾಠ ಹೇಳಿಹೋಗುವುದು ಅವರಿಗೆ ಹಿಡಿಸಲಿಲ್ಲ. ಹುಡುಗರ ಜೊತೆಯಲ್ಲಿಯೇ ವಾಸ, ಅವರು ಉಣ್ಣುವ ಅನ್ನವೇ ಊಟ, ಅವರ ನಡುವೆಯೇ ಮಾತುಕತೆ. ಯೂರೋಪಿನ ಉಡುಪನ್ನೂ ಅವರು ಬಿಟ್ಟರು. ಸೆಕೆಯ ನಾಡಿನಲ್ಲಿ ಇದು ಅವರ ಆರೋಗ್ಯಕ್ಕೆ ಒಗ್ಗದೆ ಹೋದುದೂ ಉಂಟು. ಆದರೆ ಬಂಗಲೆಯ ಮೇಜಿನಲ್ಲಿ ಸಿಕ್ಕದ ಒಂದು ಸಂಪತ್ತು ಈ ಪಂಕ್ತಿಯಲ್ಲಿ ಅವರಿಗೆ ದೊರೆಯಿತು. ಅದು ಬಳಕೆಯ ಕನ್ನಡ. ಪಂಡಿತರಿಂದ ಅವರು ವ್ಯಾಕರಣ ಕಲಿತರು; ಹುಡುಗರಿಂದಲೂ ಅವರ ಮನೆಯವರಿಂದಲೂ ಗಾದೆ, ಒಗಟು, ಬೈಗುಳ, ಹಾಡು ಕಲಿತರು. ಯಾರ ಮನಸ್ಸನ್ನು ಮುಟ್ಟಬೇಕೋ ಅವರು ತಮ್ಮೊಳಗೆ ಮಾತಾಡುವ ಮಾತು ಗೊತ್ತಿಲ್ಲದಿದ್ದರೆ ಉಪದೇಶವೆಲ್ಲ ಗಾಳಿಗೆ ಹೋಗುವುದೆಂದು ಅವರಿಗೆ ಬೇಗನೆ ತಿಳಿಯಿತು.

ಪಾಠ ಕನ್ನಡದಲ್ಲಿ ನಡೆಯಬೇಕು. ಆದರೆ ಹುಡುಗರ ಕೈಗೆ ಕೊಡಲು ಪುಸ್ತಕಗಳೇ ಇರಲಿಲ್ಲ. ಇದ್ದುದೆಲ್ಲ ಓಲೆಯಲ್ಲಿ, ಓಲೆ ಯಾರದೋ ಮನೆಯ ಅಟ್ಟದಲ್ಲಿ ಅಥವಾ ಮಠದ ಪೆಟ್ಟಿಗೆಯಲ್ಲಿ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಆರಂಭವಾದದ್ದು ಇಂತಹ ಕೊರತೆಯನ್ನು ನೀಗುವುದಕ್ಕೆ.

ಕಲ್ಲಿನ ಮೇಲೆ ಬರೆದ ಪತ್ರಿಕೆ

ಕಲ್ಲಚ್ಚೆಂದರೇನೆಂದು ಈಗಿನ ವಿದ್ಯಾರ್ಥಿಗಳಿಗೆ ಸ್ವಲ್ಪ ವಿವರಿಸಬೇಕು. ಆಲೋಯ್ಸ್ ಸೆನೆಫೆಲ್ಡರ್ ಎಂಬವನು ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಬವೇರಿಯಾದಲ್ಲಿ ಕಂಡುಹಿಡಿದ ವಿದ್ಯೆ ಇದು. ಚೆನ್ನಾಗಿ ನಯಗೊಳಿಸಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರ ಮೂಡಿಸಬೇಕು. ಅನಂತರ ಕಲ್ಲನ್ನು ನೀರಿನಿಂದ ತೇವಗೊಳಿಸಿದರೆ, ಬರಿಯ ಕಲ್ಲು ನೀರನ್ನು ಹೀರಿಕೊಳ್ಳುತ್ತದೆ. ಜಿಡ್ಡಿದ್ದ ಜಾಗ ನೀರನ್ನು ಒಲ್ಲದು. ಮೇಲೆ ಅಚ್ಚಿನ ಮಸಿಯನ್ನು ಉರುಳಿಸಿದಾಗ ಅದು ಒದ್ದೆಯಾದ ಕಲ್ಲಿಗೆ ಹಿಡಿಯದೆ ಅಕ್ಷರಗಳಿಗೆ ಮಾತ್ರ ಹಿಡಿಯುತ್ತದೆ. ಕಾಗದವನ್ನು ಇಟ್ಟು ಒತ್ತಿದರೆ ಬರೆದದ್ದು ಬರೆದಂತೆಯೇ ಮೂಡುತ್ತದೆ. ಮೊಳೆ ಕೊರೆಯಬೇಕಾಗಿಲ್ಲ, ಎರಕ ಹೊಯ್ಯಬೇಕಾಗಿಲ್ಲ. ಒತ್ತಕ್ಷರ, ಕೊಂಬು, ದೀರ್ಘಗಳಿಂದ ತುಂಬಿದ ಕನ್ನಡದಂತಹ ಲಿಪಿಗೆ ಇದು ವರವಾಯಿತು. ಹೀಗಾಗಿ ಕನ್ನಡದ ಮೊದಲ ಪತ್ರಿಕೆಯ ಅಕ್ಷರಗಳು ಯಾವನೋ ಹೆಸರು ತಿಳಿಯದ ಲಿಪಿಕಾರನ ಕೈಬರಹವೇ ಆಗಿವೆ.

ಆ ಪತ್ರಿಕೆಯ ಹೆಸರು ‘ಮಂಗಳೂರ ಸಮಾಚಾರ’. 1843ರ ಜುಲೈ 1ರಂದು ಮೊದಲ ಸಂಚಿಕೆ ಹೊರಬಿದ್ದಿತು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ; ಬೆಲೆ ಒಂದು ದುಡ್ಡು. ಅದನ್ನು ಹೊರಡಿಸಲು ಮೋಗ್ಲಿಂಗರಿಗೆ ತೋರಿದ ಕಾರಣವೂ ಉಪಾಧ್ಯಾಯನಿಗೆ ತೋರುವಂತಹುದೇ. ಮಂಗಳೂರಿನ ಜನರಿಗೆ ಸುದ್ದಿಯ ಮೇಲೆ ಬಹಳ ಆಸೆ. ಕಚೇರಿಯಲ್ಲಿ ಒಬ್ಬನು ಗಾಳಿಮಾತೊಂದನ್ನು ಹುಟ್ಟಿಸಿದರೆ ಅದು ಊರೆಲ್ಲ ಹಬ್ಬುತ್ತದೆ. ಮರುದಿನ ಅದು ಸುಳ್ಳೆಂದು ಗೊತ್ತಾದರೆ ಮತ್ತೊಂದು ಹುಟ್ಟುತ್ತದೆ. ಇದಕ್ಕೆ ಬದಲಾಗಿ ವಿಚಾರಿಸಿ ಬರೆದ ಸುದ್ದಿಯನ್ನು ನಿಯತಕಾಲಕ್ಕೆ ಒದಗಿಸಿದರೆ ಜನಕ್ಕೆ ಉಪಕಾರವಾದೀತೆಂದು ಅವರು ಎಣಿಸಿದರು. ಊರ ವರ್ತಮಾನ, ಸರ್ಕಾರದ ಕಾಯಿದೆ ಮತ್ತು ಅಪ್ಪಣೆಗಳು, ಪರರಾಜ್ಯಗಳ ಸಂಗತಿ, ಲೋಕದ ವಿಚಿತ್ರಗಳು, ನೀತಿಯ ಮಾತು, ಕಥೆ ಇವು ಅದರ ವಿಷಯಗಳು. ನಡುನಡುವೆ ಗಾದೆಗಳೂ ಪುರಂದರದಾಸರ ಪದಗಳೂ ಬರುತ್ತಿದ್ದವು. ಅದರ ಸಂಪಾದಕ ಪಾದ್ರಿಯೆಂಬುದು ಓದುವವರಿಗೆ ಗೊತ್ತು. ಆದರೂ ಪತ್ರಿಕೆಯನ್ನು ಬರಿಯ ಮತಪ್ರಚಾರದ ಕರಪತ್ರವನ್ನಾಗಿ ಅವರು ಮಾಡಲಿಲ್ಲ.

ಕೆಲವೇ ತಿಂಗಳಲ್ಲಿ ಪತ್ರಿಕೆ ಕರಾವಳಿಯ ಗಡಿಯನ್ನು ದಾಟಿತು. ಮೈಸೂರು, ತುಮಕೂರು, ಶಿವಮೊಗ್ಗೆ, ಹುಬ್ಬಳ್ಳಿ, ಸಿರ್ಸಿ, ಹೊನ್ನಾವರದಂತಹ ಊರುಗಳಲ್ಲಿ ಅದಕ್ಕೆ ಓದುಗರು ಒದಗಿದರು. ಹಲವು ಸರ್ಕಾರಗಳ ಕೆಳಗೆ ಹರಿದುಹೋಗಿದ್ದ ಕನ್ನಡಿಗರು ಒಂದೇ ಹಾಳೆಯನ್ನು ಓದಿದ್ದು ಬಹುಶಃ ಅದೇ ಮೊದಲು. ಶಿವಮೊಗ್ಗೆಯ ಸೀಮೆಯವರಾದ ನಾವು ಇದನ್ನು ಸ್ವಲ್ಪ ಅಭಿಮಾನದಿಂದಲೇ ನೆನೆಯಬಹುದು. ಘಟ್ಟದ ದಾರಿಯಲ್ಲಿ ಅಂಚೆಯವನು ಹೊತ್ತುತಂದ ಆ ನಾಲ್ಕು ಪುಟಗಳನ್ನು ನಮ್ಮ ಕಡೆಯ ಯಾವನೋ ಗುಮಾಸ್ತನೋ ಶಾನುಭೋಗನೋ ಬಿಡಿಸಿ ಓದಿರಬೇಕು.

ಕೈಬರಹದ ಕಲ್ಲಚ್ಚಿಗಿಂತ ಮೊಳೆಯ ಅಕ್ಷರದಲ್ಲಿ ಅಚ್ಚಾದರೆ ಹೆಚ್ಚು ವಿಷಯ ಹಿಡಿಸುವುದೆಂದು 1844ರಲ್ಲಿ ಪತ್ರಿಕೆಯನ್ನು ಬಳ್ಳಾರಿಗೆ ವರ್ಗಾಯಿಸಲಾಯಿತು. ಅಲ್ಲಿ ಅದು ‘ಕನ್ನಡ ಸಮಾಚಾರ’ ಎಂಬ ಹೆಸರು ತಳೆಯಿತು. ಒಂದು ಊರಿನ ಹೆಸರು ಹೋಗಿ ಒಂದು ಭಾಷೆಯ ಹೆಸರು ಬಂದಿತು. ಆದರೆ ಅದು ಹೆಚ್ಚು ಕಾಲ ಬಾಳಲಿಲ್ಲ.

ಬರಿದಾದ ಶಾಲೆ

ಅದೇ 1844ರ ಜನವರಿಯಲ್ಲಿ ಮೋಗ್ಲಿಂಗರ ಶಾಲೆಗೂ ಮಂಗಳೂರಿಗೂ ಮರೆಯಲಾಗದ ಒಂದು ಘಟನೆ ನಡೆಯಿತು. ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣನೂ, ಅವನ ಇಬ್ಬರು ಗೆಳೆಯರೂ ಕ್ರೈಸ್ತಮತವನ್ನು ಸ್ವೀಕರಿಸಿದರು. ಊರು ಕೆರಳಿತು. ಗುಂಪು ಕೂಡಿತು, ರಕ್ಷಣೆಗೆ ಸರ್ಕಾರದ ಅಧಿಕಾರಿಗಳೇ ಬರಬೇಕಾಯಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ವರ್ಷಗಟ್ಟಲೆ ಕಟ್ಟಿದ ಶಾಲೆ ಕೆಲವು ದಿನಗಳಲ್ಲಿ ಬರಿದಾಯಿತು.

ಈ ಪ್ರಸಂಗವನ್ನು ಇಂದು ಓದುವವನು ಎರಡು ಕಡೆಯ ನೋವನ್ನೂ ಕಾಣಬೇಕಾಗುತ್ತದೆ. ತಾನು ಸತ್ಯವೆಂದು ನಂಬಿದ್ದನ್ನು ಶಿಷ್ಯ ತಾನಾಗಿ ಒಪ್ಪಿದನೆಂದು ಗುರುವಿಗೆ ಸಂತೋಷ. ಇಂಗ್ಲಿಷ್ ಕಲಿತು ಬರಲೆಂದು ಕಳುಹಿಸಿದ ಮಗ ಮನೆಗೇ ಹೊರಗಾದನೆಂದು ಹೆತ್ತವರಿಗೆ ದುಃಖ. ಮಗನನ್ನು ಶಾಲೆಗೆ ಕಳುಹಿಸುವಾಗ ಉಪಾಧ್ಯಾಯನ ಮೇಲೆ ಇಡುವ ವಿಶ್ವಾಸ ಎಂಬುದೊಂದಿದೆ. ಆ ವಿಶ್ವಾಸ ಮುರಿಯಿತೆಂದು ಮಂಗಳೂರಿನ ಗೃಹಸ್ಥರು ಭಾವಿಸಿದ್ದರೆ ಅದು ಅಕಾರಣವಾದ ಕೋಪವಲ್ಲ. ಮೋಗ್ಲಿಂಗರಾದರೋ ತಾವು ಬಂದ ಉದ್ದೇಶವನ್ನು ಮುಚ್ಚಿಟ್ಟವರಲ್ಲ. ತಮ್ಮಿಂದಾಗಿ ನೆಲೆ ತಪ್ಪಿದ ತರುಣನನ್ನು ಅವರು ಕೈಬಿಡಲೂ ಇಲ್ಲ. ಅವನಿಗೆ ತಮ್ಮ ಹೆಸರನ್ನೇ ಕೊಟ್ಟು, ಮಗನಂತೆ ಸಾಕಿ, 1846ರಲ್ಲಿ ಯೂರೋಪಿಗೆ ಕರೆದೊಯ್ದು ಬಾಸೆಲಿನ ವಿದ್ಯಾಲಯದಲ್ಲಿ ಬಿಟ್ಟರು. ಹರ್ಮನ್ ಆನಂದರಾವ್ ಕೌಂಡಿನ್ಯರು ಅಲ್ಲಿ ಐದು ವರ್ಷ ಓದಿ, ಮಿಷನ್ನಿನ ದೀಕ್ಷೆ ಪಡೆದು ಮಂಗಳೂರಿಗೆ ಮರಳಿ, ಗುರುವಿನ ವಿದ್ಯಾರ್ಥಿನಿಲಯದಲ್ಲಿಯೇ ಉಪಾಧ್ಯಾಯರಾದರು.

ಗ್ರಂಥಮಾಲೆ

ಯೂರೋಪಿನಿಂದ ಮರಳಿದ ಮೇಲಿನ ಕೆಲವು ವರ್ಷಗಳು ಮೋಗ್ಲಿಂಗರ ವಿದ್ವತ್ತಿನ ಸುಗ್ಗಿಯ ಕಾಲ. ಅವರ ಬಂಧುವೂ ಟ್ಯೂಬಿಂಗೆನ್ನಿನಲ್ಲಿ ಓದಿದವರೂ ಆದ ಗಾಟ್‌ಫ್ರೀಡ್ ವೈಗ್ಲೆ 1840ರಲ್ಲಿಯೇ ಈ ನಾಡಿಗೆ ಬಂದು ಕನ್ನಡದಲ್ಲಿ ಗಟ್ಟಿ ಪಾಂಡಿತ್ಯ ಗಳಿಸಿದ್ದರು. ಕ್ರೈಸ್ತ ಧರ್ಮಗ್ರಂಥದ ಕನ್ನಡ ಅನುವಾದವನ್ನು ತಿದ್ದುವ ಕಾರ್ಯದಲ್ಲಿ ಅವರು ಮುಖ್ಯರು. ನೀಲಗಿರಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಕಾರಿ ಕನ್ನಡ ಕಾವ್ಯಗಳ ಪ್ರಕಟಣೆಗೆ ಧನಸಹಾಯ ನೀಡಿದರು. ಹೀಗೆ 1848ರಿಂದ 1853ರ ವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆ ಹೊರಬಂದಿತು.

ಅದರಲ್ಲಿ ಪ್ರಕಟವಾದ ಕೃತಿಗಳನ್ನು ನೋಡಿದರೆ ಆರಿಸಿದವರ ದೃಷ್ಟಿ ಗೊತ್ತಾಗುತ್ತದೆ. ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ದಾಸರ ಪದಗಳು, ‘ರಾವಣ ದಿಗ್ವಿಜಯ’ ಎಂಬ ಯಕ್ಷಗಾನ ಪ್ರಸಂಗ ಇವೆಲ್ಲ ಅದರಲ್ಲಿವೆ. ವೈಷ್ಣವ, ವೀರಶೈವ ಎಂಬ ಭೇದವನ್ನು ಅವರು ಎಣಿಸಲಿಲ್ಲ. ಪಂಡಿತರು ಮೆಚ್ಚುವ ಕಾವ್ಯವೆಂದೂ ಪಾಮರರು ಹಾಡುವ ಪದವೆಂದೂ ಪಂಕ್ತಿಭೇದ ಮಾಡಲಿಲ್ಲ. ಜನರ ಬಾಯಲ್ಲಿ ಏನು ಜೀವಂತವಾಗಿದೆಯೋ ಅದು ಅಚ್ಚಿಗೆ ಬರಬೇಕು ಎಂಬುದೇ ಅವರ ನಿಯಮವಾಗಿದ್ದಂತೆ ತೋರುತ್ತದೆ. ಆಟದ ಪ್ರಸಂಗವನ್ನೂ ದಾಸರ ಹಾಡನ್ನೂ ಗ್ರಂಥವೆಂದು ಭಾವಿಸುವ ವಾಡಿಕೆ ಅಂದಿನ ನಮ್ಮ ವಿದ್ವಾಂಸರಲ್ಲಿ ಇರಲಿಲ್ಲವೆಂಬುದನ್ನು ನೆನೆದರೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ. ಜೊತೆಗೆ ಕನ್ನಡ ಗಾದೆಗಳ ಸಂಗ್ರಹವನ್ನೂ ಅವರು ಅಚ್ಚಿಗೆ ಕೊಟ್ಟರು.

ಶಿಕಾರಿಪುರದ ಕಡೆಯ ಓದುಗರಿಗೆ ಇಲ್ಲಿ ಇನ್ನೊಂದು ವಿಶೇಷವಿದೆ. ವೀರಶೈವ ಪುರಾಣಗಳು ಹಾಡಿ ಹೊಗಳುವ ಅಲ್ಲಮಪ್ರಭುವಿನ ಊರು ಬಳ್ಳಿಗಾವೆ. ಅಕ್ಕಮಹಾದೇವಿಯ ಊರು ಉಡುತಡಿ. ಈ ಸೀಮೆಯ ಮಣ್ಣಿನಲ್ಲಿ ಹುಟ್ಟಿದ ಶರಣರ ಸಂಪ್ರದಾಯದ ಪುರಾಣಗಳು ಅಚ್ಚಿನ ಅಕ್ಷರದಲ್ಲಿ ನಾಡಿನ ಮೇಲೆ ಹರಡುವುದಕ್ಕೆ ಒಂದು ಮೊದಲ ದಾರಿ ಮಂಗಳೂರಿನ ಪಾದ್ರಿಗಳ ಮುದ್ರಣಾಲಯದಲ್ಲಿ ತೆರೆಯಿತು.

ಓಲೆಯಿಂದ ಕಾವ್ಯವನ್ನು ಎತ್ತಿಕೊಡುವುದು ಎಣಿಸಿದಷ್ಟು ಸುಲಭವಲ್ಲ. ಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲ. ಹ್ರಸ್ವ ದೀರ್ಘಗಳ ಗುರುತು ಅನೇಕ ಕಡೆ ಸ್ಪಷ್ಟವಿಲ್ಲ. ಒಬ್ಬ ಲಿಪಿಕಾರ ಮಾಡಿದ ತಪ್ಪನ್ನು ಇನ್ನೊಬ್ಬ ಇಮ್ಮಡಿ ಮಾಡಿರುತ್ತಾನೆ. ಷಟ್ಪದಿಯ ಮಾತ್ರೆ ಎಲ್ಲಿ ಕೆಟ್ಟಿದೆಯೋ ಅಲ್ಲಿ ಪಾಠ ತಪ್ಪಿದೆಯೆಂದು ಹಿಡಿಯಬೇಕಾದರೆ ಛಂದಸ್ಸು ಕಿವಿಗೆ ಹತ್ತಿರಬೇಕು. ಹೆಸರು ಉಳಿಯದ ಕನ್ನಡ ಪಂಡಿತರ ಸಹಾಯವಿಲ್ಲದೆ ಪರದೇಶದವರಿಗೆ ಇದು ಸಾಧ್ಯವಾಗುತ್ತಿರಲಿಲ್ಲ. ಮೋಗ್ಲಿಂಗರಿಗೆ ಸಲ್ಲುವ ಕೀರ್ತಿಯಲ್ಲಿ ಆ ಅಜ್ಞಾತರಿಗೂ ಪಾಲಿದೆ ಎನ್ನುವುದು ನ್ಯಾಯ. 1851ರಲ್ಲಿ ಪ್ಲೆಬ್ಸ್ಟ್ ಎಂಬ ಮುದ್ರಣ ನಿಪುಣರು ಕನ್ನಡ ಮೊಳೆಗಳೊಡನೆ ಮಂಗಳೂರಿಗೆ ಬಂದ ಮೇಲೆ ಕಲ್ಲಚ್ಚಿನ ಯುಗ ಮುಗಿಯುತ್ತ ಬಂದು, ಬಾಸೆಲ್ ಮಿಷನ್ ಮುದ್ರಣಾಲಯದ ಅಂದವಾದ ಅಕ್ಷರಗಳ ಯುಗ ಆರಂಭವಾಯಿತು.

ಕೊಡಗಿನ ದಾರಿ

ಮಾಲೆ ನಡೆಯುತ್ತಿದ್ದಾಗಲೇ ಅವರ ಬಾಳು ಇನ್ನೊಂದು ತಿರುವು ಪಡೆಯಿತು. ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದಾಗ ಆಲಮಂಡ ಸೋಮಯ್ಯ ಎಂಬ ಕೊಡವರು ಅವರನ್ನು ಹುಡುಕಿಕೊಂಡು ಬಂದರು. ಸಂನ್ಯಾಸಿಯ ಬಾಳನ್ನು ಕಂಡಿದ್ದ, ಮನಶ್ಶಾಂತಿಗಾಗಿ ಅಲೆದಿದ್ದ ವ್ಯಕ್ತಿ ಅವರು. ಅವರೊಡನೆ ಮೋಗ್ಲಿಂಗರು 1853ರಲ್ಲಿ ಕೊಡಗಿಗೆ ಹೋದರು. ಗ್ರಂಥಗಳು ಹಿಂದುಳಿದವು; ಕಾಡು, ಕಾಫಿ, ಮಳೆ, ಬಹಿಷ್ಕಾರದ ವ್ಯಾಜ್ಯಗಳು ಎದುರಾದವು. ಜಮೀನಿಗೆ ಅಂಟಿಕೊಂಡು ಜೀತದ ಬಾಳು ಬಾಳುತ್ತಿದ್ದ ಅಸ್ಪೃಶ್ಯರೆನಿಸಿದವರಿಗಾಗಿ ಅಲ್ಲಿ ಒಂದು ನೆಲೆ ಏರ್ಪಟ್ಟಿತು. ಅದಕ್ಕೆ ಆನಂದಪುರವೆಂದು ಹೆಸರು. ನಮ್ಮ ಸಾಗರದ ಕಡೆಯ ಆನಂದಪುರ ಬೇರೆ, ಇದು ಬೇರೆ.

ಕೊಡಗಿನಲ್ಲಿಯೂ ಅವರ ಲೇಖನಿ ಸುಮ್ಮನಿರಲಿಲ್ಲ. ಕೊಡಗಿನ ಅರಸರ ಇತಿಹಾಸವನ್ನೂ ಆ ನಾಡಿನಲ್ಲಿ ತಮ್ಮ ಮಿಷನ್ನಿನ ಕಥೆಯನ್ನೂ ಒಳಗೊಂಡ ಇಂಗ್ಲಿಷ್ ಗ್ರಂಥವೊಂದನ್ನು 1855ರಲ್ಲಿ ಪ್ರಕಟಿಸಿದರು. ಕೊಡಗಿನ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು ಅಚ್ಚಿಗೆ ತಂದರು. ಆದರೆ ಎಣಿಸಿದಂತೆ ಕೊಡವರು ಸಮುದಾಯವಾಗಿ ಅವರ ಮತಕ್ಕೆ ಬರಲಿಲ್ಲ. ಬೆರಳೆಣಿಕೆಯ ಜನ ಬಂದರು, ಅಷ್ಟೆ. ಅವರೇ ಇಟ್ಟುಕೊಂಡ ಅಳತೆಗೋಲಿನಿಂದ ನೋಡಿದರೆ ಅದು ಸೋಲೇ ಸರಿ.

1855ರ ವರ್ಷ ಇನ್ನೊಂದು ದುಃಖವನ್ನೂ ತಂದಿತು. ಸಹೋದ್ಯೋಗಿಯಾದ ವೈಗ್ಲೆ ಮಂಗಳೂರಿನಲ್ಲಿ ನಾಲ್ವತ್ತು ತುಂಬುವ ಮೊದಲೇ ತೀರಿಕೊಂಡರು. ಅವರ ಪತ್ನಿ ಪೌಲೀನ ಚಿಕ್ಕ ಮಕ್ಕಳೊಡನೆ ಪರದೇಶದಲ್ಲಿ ಉಳಿದರು. ಅಲ್ಲಿಯವರೆಗೆ ಅವಿವಾಹಿತರಾಗಿದ್ದ ಮೋಗ್ಲಿಂಗರು ಮುಂದೆ ಅವರನ್ನು ವರಿಸಿ ಆ ಮಕ್ಕಳಿಗೆ ತಂದೆಯಾದರು.

ಕನ್ನಡ ಸಾಹಿತ್ಯಕ್ಕೆ ಮಾಡಿದ ಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 1858ರಲ್ಲಿ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು. ನಮ್ಮ ನಾಡಿನಲ್ಲಿ ಆಗ ಒಂದು ವಿಶ್ವವಿದ್ಯಾನಿಲಯವೂ ಇರಲಿಲ್ಲ. ಕನ್ನಡಕ್ಕಾಗಿ ದುಡಿದವನಿಗೆ ದೊರೆತ ಮೊದಲ ಡಾಕ್ಟರೇಟ್ ನೆಕ್ಕರ್ ನದಿಯ ದಡದ ಒಂದು ಊರಿನಿಂದ ಬಂದದ್ದೆಂಬುದು ಸ್ವಾರಸ್ಯವಾದ ಸಂಗತಿ.

1860ರಲ್ಲಿ ಅವರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ಮರಳಿದರು. ಮತ್ತೆ ಇತ್ತ ಬರುವ ಯೋಗ ಕೂಡಿಬರಲಿಲ್ಲ. ಆದರೆ ಕನ್ನಡ ಅವರನ್ನು ಬಿಡಲಿಲ್ಲ. ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಲಕ್ಷ್ಮೀಶನ ಜೈಮಿನಿಯನ್ನೂ ಜರ್ಮನಿಗೆ ತರುವ ಕೆಲಸದಲ್ಲಿ ತೊಡಗಿದರು. ಇನ್ನೊಬ್ಬರೊಡನೆ ಸೇರಿ ಕೊಡಗಿನ ಮೇಲೆ ಜರ್ಮನ್ ಗ್ರಂಥವೊಂದನ್ನು 1866ರಲ್ಲಿ ಹೊರತಂದರು. ದೇವನೂರಿನ ಕವಿಯ ಷಟ್ಪದಿಯನ್ನು ಹಿಮ ಬೀಳುವ ಊರಿನಲ್ಲಿ ಕುಳಿತು ಮೆಲುಕುಹಾಕುತ್ತಿದ್ದ ಆ ವೃದ್ಧ, 1881ರ ಮೇ 10ರಂದು ಎಸ್‌ಲಿಂಗೆನ್ ಎಂಬಲ್ಲಿ ಕಾಲವಾದರು. ಅವರ ಗೆಳೆಯರೂ, ಮಲಯಾಳಂ ನಿಘಂಟಿನ ಕರ್ತೃವೂ ಆದ ಹರ್ಮನ್ ಗುಂಡರ್ಟ್ ಮರುವರ್ಷವೇ ಅವರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು.

ಉಳಿದದ್ದು

ಮೋಗ್ಲಿಂಗರು ಹಾಕಿದ ದಾರಿಯಲ್ಲಿ ನಡೆದು ಇನ್ನೂ ದೊಡ್ಡ ಹೆಸರು ಪಡೆದವರು ಫರ್ಡಿನೆಂಡ್ ಕಿಟೆಲ್. 1853ರಲ್ಲಿ ಇಲ್ಲಿಗೆ ಬಂದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಅದೇ ಮುದ್ರಣಾಲಯದಿಂದ ಹೊರಬಂದಿತು. ಅವರಿಗೂ 1896ರಲ್ಲಿ ಟ್ಯೂಬಿಂಗೆನ್ನಿನ ಡಾಕ್ಟರೇಟ್ ದೊರೆಯಿತು. ಆ ನಿಘಂಟನ್ನು ತಿರುವಿಹಾಕಿದರೆ ಪದದ ಬಳಕೆಗೆ ಆಧಾರವಾಗಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದ, ಗಾದೆ ಎಂದು ಸೂಚನೆಗಳು ಮತ್ತೆ ಮತ್ತೆ ಬರುತ್ತವೆ. ಹಿಂದಿನವರು ಕೂಡಿಟ್ಟ ಕಣಜದಿಂದ ಮುಂದಿನವರು ಬೀಜ ಎತ್ತಿಕೊಂಡಂತೆ.

ಕಿಟೆಲ್ಲರ ಹೆಸರು ಮನೆಮಾತಾಯಿತು. ಮೋಗ್ಲಿಂಗರ ಹೆಸರು ಬಹುಕಾಲ ಮಸುಕಾಗಿಯೇ ಇದ್ದಿತು. 1974ರಲ್ಲಿ ಪ್ರಕಟವಾದ ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ದಂತಹ ಸಂಶೋಧನೆಯ ಬೆಳಕಿನಲ್ಲಿ ಅವರ ಕಾರ್ಯ ಸರಿಯಾಗಿ ಕಾಣಿಸಿಕೊಂಡಿತು. ಈಗ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತಾರೆ.

ಮತಪ್ರಚಾರಕ್ಕಾಗಿ ಬಂದವರಿಗೆ ನಾವು ಕೃತಜ್ಞರಾಗಿರಬೇಕೆ ಎಂಬ ಪ್ರಶ್ನೆಯನ್ನು ಕೆಲವರು ಕೇಳುವುದುಂಟು. ಪ್ರಶ್ನೆ ಸಹಜವಾದದ್ದು; ಅದನ್ನು ಕೇಳಬಾರದೆನ್ನುವಂತಿಲ್ಲ. ಅವರ ಉದ್ದೇಶವನ್ನು ಮರೆಮಾಚಿ ಬರಿಯ ಭಾಷಾಸೇವಕರೆಂದು ಹೊಗಳಿದರೆ ಅದು ಅವರಿಗೂ ಸಲ್ಲದು, ಮಗನನ್ನು ಕಳೆದುಕೊಂಡೆವೆಂದು ಮರುಗಿದ ಮಂಗಳೂರಿನ ಆ ಮನೆಗಳಿಗೂ ಸಲ್ಲದು. ಆದರೆ ಇನ್ನೊಂದು ಮಾತನ್ನೂ ಗಮನಿಸಬೇಕು. ಬರಿಯ ಮತಪ್ರಚಾರಕನಿಗೆ ಪುರಂದರದಾಸರ ಪದ ಬೇಕಾಗುವುದು ಖಂಡಿಸುವುದಕ್ಕೆ ಮಾತ್ರ. ಮೋಗ್ಲಿಂಗರು ಅದನ್ನು ಅಚ್ಚುಮಾಡಿದರು. ಅಚ್ಚುಮಾಡಿದ ಮೇಲೆ ಅನುವಾದವನ್ನೂ ಮಾಡಿದರು. ನಾಡು ಬಿಟ್ಟು ಹೋಗಿ, ಪ್ರಚಾರದ ಅಗತ್ಯವೇ ಇಲ್ಲದಂತಾದ ಮೇಲೂ ಅದನ್ನು ಬಿಡಲಿಲ್ಲ. ಪಾಠ ಹೇಳುವುದಕ್ಕಾಗಿ ಒಂದು ಭಾಷೆಯನ್ನು ಕೈಗೆತ್ತಿಕೊಂಡ ಉಪಾಧ್ಯಾಯ ಆ ಭಾಷೆಗೇ ಶಿಷ್ಯನಾಗಿ ಕುಳಿತದ್ದು ಇದರಲ್ಲಿ ಸ್ಪಷ್ಟವಾಗುತ್ತದೆ.

ನಮ್ಮ ಹಳ್ಳಿಯ ಜಗಲಿಗಳಲ್ಲಿ ಜೈಮಿನಿಯನ್ನು ಕೇಳಿದವರಿಗೆ ಈ ವೃತ್ತಾಂತ ತಿಳಿದಿರಲಿಲ್ಲ. ತಿಳಿಯದಿದ್ದುದರಿಂದ ಅವರ ಆನಂದಕ್ಕೆ ಕೊರತೆಯೇನೂ ಆಗಲಿಲ್ಲ. ಆದರೆ ಹಳೆಯ ಪುಸ್ತಕದ ಪೆಟ್ಟಿಗೆಯಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣವೆಂದು ಮುಖಪುಟದ ಮೇಲಿರುವ ಪುಸ್ತಕವೊಂದು ಈಗಲೂ ಯಾರ ಕೈಗಾದರೂ ಸಿಕ್ಕಿದರೆ, ಹುಡುಗರ ಪಂಕ್ತಿಯಲ್ಲಿ ಕುಳಿತು ಅನ್ನ ಉಣ್ಣುತ್ತ ಕನ್ನಡ ಕಲಿತ ಆ ಜರ್ಮನ್ ಮೇಷ್ಟರನ್ನು ಒಂದು ಗಳಿಗೆ ನೆನೆದು ಪುಟ ತೆರೆಯಬಹುದು.